ಬಾಲಕರ ನಡೆವಳಿಕೆಯೂ ಶಾಲೆಯ ಕಟ್ಟಳೆಗಳೂ

ಅಕ್ಷರವನ್ನು ಕಲಿಸುವುದರೊಂದಿಗೆ ನಡೆವಳಿಕೆಯನ್ನೂ ಕಲಿಸಬೇಕೆಂಬ ವಿಷಯದಲ್ಲಿ ಪೂರ್ವಪಶ್ಚಿಮಗಳೆಂಬ ಭೇದವಿಲ್ಲ. ಆದರೆ ಆ ನಡೆವಳಿಕೆಯ ಕಟ್ಟಳೆಗಳನ್ನು ಯಾರಿಗಾಗಿ ವಿಧಿಸಿದರು, ಅವುಗಳ ಭಾರವು ಹುಡುಗನ ಮೇಲೆ ಎಷ್ಟು ಬಿದ್ದಿತು, ಗುರುವಿನ ಮೇಲೆ ಎಷ್ಟು ಬಿದ್ದಿತು ಎಂಬುದು ವಿಚಾರಯೋಗ್ಯವಾದ ಸಂಗತಿ. ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ತಾಯಿತಂದೆಗಳಿಗಂತೂ ಇದು ಕೇವಲ ಪುರಾತನದ ಮಾತಲ್ಲ.

ಕಲಬುರಗಿಯಲ್ಲಿ ಕಥೋಲಿಕ ಧರ್ಮಪ್ರಾಂತವು ಸ್ಥಾಪಿತವಾದುದು 2005ರಲ್ಲಿ. ನಮ್ಮ ಸೀಮೆಗೆ ಇದು ಇತ್ತೀಚಿನ ಮಾತು. ಮಂಗಳೂರಿನಲ್ಲಿಯಾದರೋ ಸಂತ ಅಲೋಶಿಯಸ್ ವಿದ್ಯಾಲಯವು 1880ರಲ್ಲಿಯೇ ಆರಂಭವಾಗಿತ್ತು. ಕಥೋಲಿಕ ಶಾಲೆಗಳ ಶಿಸ್ತಿನ ಹೆಸರನ್ನು ಕೇಳದವರು ವಿರಳ. ಆ ಶಿಸ್ತಿನ ಮೂಲಗಳಲ್ಲೊಂದನ್ನು ಅರಸಿಕೊಂಡು ಹೋದರೆ ನಾವು ಫ್ರಾನ್ಸ್ ದೇಶದ ರೀಮ್ಸ್ ನಗರವನ್ನು ಮುಟ್ಟುತ್ತೇವೆ. ಅಲ್ಲಿ ಝಾನ್ ಬಾಪ್ತಿಸ್ತ್ ದ ಲಾ ಸಾಲ್ (1651–1719) ಎಂಬ ಪಾದ್ರಿಯು 1679ರಲ್ಲಿ ಬಡಮಕ್ಕಳ ಶಾಲೆಯ ಕಾರ್ಯಕ್ಕೆ ಕೈಯಿಕ್ಕಿದನು. 1688ರಲ್ಲಿ ಪ್ಯಾರಿಸ್ ನಗರದ ಸಾಂ ಸುಲ್ಪೀಸ್ ಧರ್ಮಕೇಂದ್ರದ ಶಾಲೆಯೂ ಅವನ ಸಹೋದರವರ್ಗದ ಕೈಗೆ ಬಂದಿತು. ಈ ಶಾಲೆಗಳಲ್ಲಿ ಶುಲ್ಕವಿಲ್ಲ. ಮೊದಲ ಓದು ಲ್ಯಾಟಿನ್ ಭಾಷೆಯಲ್ಲಲ್ಲ, ಮಕ್ಕಳ ತಾಯ್ನುಡಿಯಾದ ಫ್ರೆಂಚ್ ಭಾಷೆಯಲ್ಲಿ. ಆ ಕಾಲಕ್ಕೆ ಇವೆರಡೂ ಸಾಹಸದ ಕಾರ್ಯಗಳೇ ಸರಿ. 1948ರವರೆಗೆ ನಿಜಾಮರ ಆಳಿಕೆಯಲ್ಲಿದ್ದ ನಮ್ಮ ಸೀಮೆಯಲ್ಲಿ ಕನ್ನಡವಾಡುವ ಹುಡುಗನು ಮೇಲಿನ ತರಗತಿಗಳಲ್ಲಿ ಉರ್ದುವಿನಲ್ಲಿ ಓದಬೇಕಾಗಿದ್ದುದನ್ನು ಹಿರಿಯರಿಂದ ಕೇಳಿಬಲ್ಲವರಿಗೆ, ತಾಯ್ನುಡಿಯ ಓದಿನ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಲಾ ಸಾಲನು ರಚಿಸಿದ ಗ್ರಂಥಗಳಲ್ಲಿ ಎರಡನ್ನು ಇಲ್ಲಿ ಹೇಳಬೇಕು. 1703ರಲ್ಲಿ ಅಚ್ಚಾದ ಒಂದು, ಮಕ್ಕಳ ಸಭ್ಯತೆಯ ಕಟ್ಟಳೆಗಳನ್ನು ಕುರಿತದ್ದು. ಕುಳ್ಳಿರುವ ಬಗೆ, ಆಕಳಿಸುವಾಗ ಬಾಯಿಗೆ ಕೈಯಡ್ಡ ಹಿಡಿಯುವುದು, ಮೂಗನ್ನು ಶುಚಿಯಾಗಿಡುವುದು, ಉಡುಪು, ಊಟ, ಮಾತುಕತೆ ಮುಂತಾಗಿ ದಿನಚರಿಯ ಸಣ್ಣ ಸಂಗತಿಗಳೆಲ್ಲವೂ ಅದರಲ್ಲಿ ಬಂದಿವೆ. ಅದನ್ನು ಶಾಲೆಯಲ್ಲಿ ಓದಿನ ಪುಸ್ತಕವನ್ನಾಗಿಯೂ ಬಳಸುತ್ತಿದ್ದರು. ಹುಡುಗನು ಓದನ್ನು ಕಲಿಯುತ್ತಲೇ ನಡೆಯನ್ನೂ ಕಲಿಯಲೆಂಬುದು ಅದರ ಆಶಯ. ಇನ್ನೊಂದು, 1706ರ ಸುಮಾರಿಗೆ ಸಿದ್ಧವಾಗಿ 1720ರಲ್ಲಿ ಅಚ್ಚಾದ ಶಾಲಾನಿರ್ವಹಣೆಯ ಗ್ರಂಥ. ಇದು ಶಿಕ್ಷಕರಿಗಾಗಿ ಬರೆದುದು.

ಈ ಎರಡನೆಯ ಗ್ರಂಥವು ವಿವರಗಳಿಂದ ತುಂಬಿದೆ. ಮಕ್ಕಳು ಸದ್ದುಮಾಡದೆ ಒಳಗೆ ಬರಬೇಕು. ತರಗತಿಯಲ್ಲಿ ಮೌನವೇ ನಿಯಮ. ಶಿಕ್ಷಕನಿಗೂ ಅದೇ ನಿಯಮ. ಆತನು ಕೂಗಾಡುವುದರ ಬದಲಾಗಿ ಕೈಯಲ್ಲಿದ್ದ ಒಂದು ಸಣ್ಣ ಸಾಧನದಿಂದ ಸದ್ದುಮಾಡಿ ಸನ್ನೆಯಿಂದಲೇ ಪಾಠವನ್ನು ನಡೆಸುತ್ತಿದ್ದನು. ಮಕ್ಕಳು ಬುತ್ತಿಯನ್ನು ತಂದು ಶಾಲೆಯಲ್ಲಿಯೇ ಉಣ್ಣುತ್ತಿದ್ದರು. ಉಣ್ಣುವ ಕ್ರಮವನ್ನು ಕಲಿಸುವುದೇ ಇದರ ಉದ್ದೇಶ. ನೆಲದ ಮೇಲೆ ಏನನ್ನೂ ಚೆಲ್ಲಬಾರದು. ಮಿಕ್ಕ ರೊಟ್ಟಿಯನ್ನು ಒಬ್ಬ ಹುಡುಗನು ಬುಟ್ಟಿಯಲ್ಲಿ ಕೂಡಿಸಿ ಕಡುಬಡವರಾದ ಸಹಪಾಠಿಗಳಿಗೆ ಹಂಚುವ ಏರ್ಪಾಡಿತ್ತು. ಗಂಟೆ ಬಾರಿಸುವುದು, ಬಾಗಿಲು ಕಾಯುವುದು, ಕಸಗುಡಿಸುವುದು ಇವೆಲ್ಲ ಹುಡುಗರಿಗೆ ಒಪ್ಪಿಸಿದ ಅಧಿಕಾರಗಳೇ.

ಇನ್ನು ದಂಡನೆಯ ವಿಚಾರ. ಆ ಶಾಲೆಗಳಲ್ಲಿ ಬೆತ್ತವಿರಲಿಲ್ಲವೆಂದು ಹೇಳಿದರೆ ಸುಳ್ಳಾದೀತು. ಆದರೆ ಅದು ವಿರಳವಾಗಿರಬೇಕು, ಸಿಟ್ಟಿನಲ್ಲಿ ಕೊಡಬಾರದು, ಕೆನ್ನೆಗೆ ಹೊಡೆಯುವುದು, ಒದೆಯುವುದು, ಕಿವಿ, ಮೂಗು, ಕೂದಲು ಹಿಡಿದೆಳೆಯುವುದು ಶಿಕ್ಷಕನಿಗೆ ಶೋಭಿಸದು, ಹೀಯಾಳಿಸುವ ಮಾತೂ ಸಲ್ಲದು ಎಂದು ಗ್ರಂಥವು ವಿಧಿಸುತ್ತದೆ. ಇಲ್ಲಿ ಕಟ್ಟಳೆಯು ಗುರುವಿನ ಕೈಯನ್ನೇ ಕಟ್ಟಿದುದನ್ನು ವಾಚಕರು ಗಮನಿಸಬೇಕು.

ನಮ್ಮ ನಾಡಿನ ಮಾತಿಗೆ ಬರೋಣ. ವಿದ್ಯಾದಾನದಲ್ಲಿ ಈ ಸೀಮೆಯು ಹಿಂದೆ ಬಿದ್ದುದಲ್ಲ. ಅಫಜಲಪುರ ತಾಲೂಕಿನ ಅಂಚಿನಲ್ಲಿ ಹರಿಯುವ ಭೀಮೆಯ ಆಚೆಗೆ, ಇಂಡಿ ತಾಲೂಕಿನ ಸಾಲೋಟಗಿಯಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ 945ರ ಶಾಸನವಿದೆ. ದೇಶದೇಶಗಳಿಂದ ಬಂದ ವಿದ್ಯಾರ್ಥಿಗಳಿಗಾಗಿ ಅಲ್ಲಿ ಶಾಲೆಯೂ 27 ವಸತಿಗಳೂ ಇದ್ದುವು. ದೀಪದ ಎಣ್ಣೆಗೂ ಭೂಮಿಯನ್ನು ಬಿಟ್ಟಿದ್ದರು. ಮದುವೆ, ಉಪನಯನ, ಚೌಲಗಳಲ್ಲಿ ಊರವರು ಶಾಲೆಗೆ ಕಾಣಿಕೆ ಸಲ್ಲಿಸುವ ಕಟ್ಟಳೆಯಿತ್ತು. ಚಿತ್ತಾಪುರದ ಬಳಿಯ ನಾಗಾವಿಯ ಘಟಿಕಾಸ್ಥಾನದಲ್ಲಿ, 1058ರ ಶಾಸನದ ಪ್ರಕಾರ, ವೇದವನ್ನೋದುವ 200 ಮಂದಿಯೂ ಶಾಸ್ತ್ರವನ್ನೋದುವ 50 ಮಂದಿಯೂ ಇದ್ದರು. ಗ್ರಂಥಭಂಡಾರವನ್ನು ನೋಡಿಕೊಳ್ಳಲು ಆರು ಮಂದಿ ಸರಸ್ವತೀ ಭಂಡಾರಿಗರಿದ್ದರು.

ಇದೇ ಜಿಲ್ಲೆಯ ಮರತೂರು, ಮಿತಾಕ್ಷರವನ್ನು ಬರೆದ ವಿಜ್ಞಾನೇಶ್ವರನ ಊರೆಂದು ಪ್ರಸಿದ್ಧವಾಗಿದೆ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (1076–1126) ಆಳಿಕೆಯಲ್ಲಿದ್ದ ಈ ಪಂಡಿತನು ವ್ಯಾಖ್ಯಾನಿಸಿದ ಯಾಜ್ಞವಲ್ಕ್ಯ ಸ್ಮೃತಿಯಲ್ಲಿ ಬ್ರಹ್ಮಚಾರಿಯ ಧರ್ಮಗಳು ಹೇಳಲ್ಪಟ್ಟಿವೆ. ಗುರುವು ಕರೆದಾಗ ಹೋಗಿ ಓದಬೇಕು. ದೊರೆತುದನ್ನು ಗುರುವಿಗೆ ಒಪ್ಪಿಸಬೇಕು. ಮಧುಮಾಂಸ, ಎಂಜಲು, ಕಟುಮಾತು, ಪ್ರಾಣಿಹಿಂಸೆ, ಪರನಿಂದೆಗಳನ್ನು ವರ್ಜಿಸಬೇಕು. ದಂಡನೆಯ ಮಾತನ್ನು ಗೌತಮ ಧರ್ಮಸೂತ್ರದಲ್ಲಿ ನೋಡಬೇಕು: ಶಿಷ್ಯನನ್ನು ಹೊಡೆಯದೆಯೇ ತಿದ್ದಬೇಕು, ಆಗದಿದ್ದಲ್ಲಿ ತೆಳುವಾದ ಹಗ್ಗ ಅಥವಾ ಬಿದಿರಸೀಳು, ಇವನ್ನು ಮೀರಿ ಹೊಡೆದ ಗುರುವನ್ನು ಅರಸನೇ ದಂಡಿಸಬೇಕು. ಲಾ ಸಾಲನಿಗಿಂತ ಬಹು ಪೂರ್ವದಲ್ಲಿಯೇ ನಮ್ಮ ಶಾಸ್ತ್ರಕಾರರೂ ಗುರುವಿನ ಕೈಯನ್ನು ಕಟ್ಟಿದ್ದರು. ಆದರೆ ಒಂದು ಮಾತನ್ನು ಮರೆಮಾಚಲಾಗದು. ನಮ್ಮ ಈ ಕಟ್ಟಳೆಗಳು ಕೆಲವೇ ವರ್ಣಗಳ ಗಂಡುಮಕ್ಕಳಿಗೆ ಮೀಸಲಾಗಿದ್ದುವು. ಒಕ್ಕಲಿನ ಮಗನೂ ಮಾದಿಗರ ಮಗನೂ ಹೆಣ್ಣುಮಗಳೂ ಆ ಘಟಿಕಾಸ್ಥಾನಗಳ ಹೊರಗಿದ್ದರು. ಲಾ ಸಾಲನ ಶಾಲೆಗಳಲ್ಲಿಯೂ ಹೆಣ್ಣುಮಕ್ಕಳಿರಲಿಲ್ಲ; ಬಡವನಿಗೆ ಮಾತ್ರ ಬಾಗಿಲು ತೆರೆದಿತ್ತು.

ಶಾಸ್ತ್ರದ ಮಾತು ಊರ ಗಾವಠಿ ಶಾಲೆಗೆ ಇಳಿದುಬರುವಷ್ಟರಲ್ಲಿ ಏನಾಯಿತೆಂಬುದಕ್ಕೆ ಬಳ್ಳಾರಿಯ ಕಲೆಕ್ಟರನಾಗಿದ್ದ ಎ. ಡಿ. ಕ್ಯಾಂಬೆಲ್ 1823ರಲ್ಲಿ ಬರೆದ ವರದಿಯೇ ಸಾಕ್ಷಿ. ಆ ಜಿಲ್ಲೆಯಲ್ಲಿ 533 ಶಾಲೆಗಳೂ 6,641 ಮಕ್ಕಳೂ ಇದ್ದರೆಂದು ಅದರಲ್ಲಿ ಲೆಕ್ಕವಿದೆ. ಮುಂಜಾವಿನಲ್ಲಿ ಮೊದಲು ಬಂದ ಹುಡುಗನ ಅಂಗೈಯಲ್ಲಿ ಸರಸ್ವತಿಯ ಹೆಸರನ್ನು ಬರೆಯುತ್ತಿದ್ದರು; ಎರಡನೆಯವನಿಗೆ ಸೊನ್ನೆ; ಮೂರನೆಯವನಿಗೆ ಒಂದು ಮೆಲು ಏಟು, ನಾಲ್ಕನೆಯವನಿಗೆ ಎರಡು, ಹೀಗೆ ಏರುತ್ತಿತ್ತು. ಸೋಮಾರಿಯಾದವನನ್ನು ಎರಡು ಕೈಗಳಿಗೂ ಹಗ್ಗ ಕಟ್ಟಿ ಮಾಡಿಗೆ ತೂಗಹಾಕುತ್ತಿದ್ದರು. ನಮ್ಮ ಹಿರಿಯರು ಕೋದಂಡವೆಂದು ಕರೆಯುತ್ತಿದ್ದುದು ಇದನ್ನೇ. ಗೌತಮನ ಸೂತ್ರವೆಲ್ಲಿ, ಕೋದಂಡವೆಲ್ಲಿ!

ಆದರೂ ನಮ್ಮ ಮನಸ್ಸನ್ನು ಹೆಚ್ಚಾಗಿ ತಟ್ಟಿದುದು ದಂಡನೆಯ ಸಂಗತಿಯಲ್ಲ, ಗೈರುಹಾಜರಿಯ ಸಂಗತಿ. ಲಾ ಸಾಲನು ಈ ವಿಷಯಕ್ಕೆ ಪ್ರತ್ಯೇಕ ಗಮನವನ್ನು ಕೊಟ್ಟಿದ್ದಾನೆ. ಹುಡುಗನು ಏಕೆ ಬರಲಿಲ್ಲ? ಚಂಚಲತೆಯಿಂದಲೋ, ಶಾಲೆಯ ಮೇಲಣ ಬೇಸರದಿಂದಲೋ, ಶಿಕ್ಷಕನನ್ನು ಕಂಡರಾಗದೆಯೋ, ತಾಯಿತಂದೆಗಳು ಕೆಲಸಕ್ಕೆ ಹಚ್ಚಿದುದರಿಂದಲೋ ಎಂದು ಕಾರಣಗಳನ್ನು ಬೇರೆಬೇರೆಯಾಗಿ ವಿಂಗಡಿಸಿ, ಒಂದೊಂದಕ್ಕೂ ಬೇರೆ ಉಪಾಯವನ್ನು ಹೇಳಿದನು. ಬಾರದವನ ಮನೆಗೆ ಹೋಗಿ ವಿಚಾರಿಸಿ ಬರಲು ಓಣಿಗಳಿಗೆ ತಕ್ಕಂತೆ ಹುಡುಗರನ್ನೇ ನೇಮಿಸುತ್ತಿದ್ದರು. ಕಾಯಿಲೆಯವನನ್ನು ಅವರೇ ನೋಡಿಬರುತ್ತಿದ್ದರು. ಕ್ಯಾಂಬೆಲ್‌ನ ವರದಿಯಲ್ಲಿಯೂ ಇದೇ ದುಃಖವಿದೆ. ಎಳೆಯ ಕೈಗಳು ಕೆಲಸಕ್ಕೆ ಬರುವಂತಾದೊಡನೆ ಬಡತನವು ಅವುಗಳನ್ನು ಶಾಲೆಯಿಂದ ಎಳೆದೊಯ್ಯುತ್ತಿತ್ತು.

ಆ ದುಃಖವು ನಮ್ಮ ಮೂರು ತಾಲೂಕುಗಳಿಂದ ಇನ್ನೂ ತೊಲಗಿಲ್ಲ. ತೊಗರಿಯ ರಾಶಿ ಮುಗಿದ ಮೇಲೆ ಕೂಲಿಯನ್ನರಸಿ ಪುಣೆ, ಮುಂಬಯಿ, ಹೈದರಾಬಾದುಗಳಿಗೆ ಹೊರಡುವ ಕುಟುಂಬಗಳ ಗಂಟುಮೂಟೆಯೊಡನೆ ಮಕ್ಕಳೂ ಹೊರಡುತ್ತಾರೆ. ಹಾಜರಿಯ ಪುಸ್ತಕದಲ್ಲಿ ಒಂದು ಗುರುತು ಬೀಳುತ್ತದೆ, ಅಷ್ಟೆ. ತಿರುಗಿ ಬಂದ ಹುಡುಗನು ಪಾಠದಲ್ಲಿ ಹಿಂದೆ ಬಿದ್ದು, ನಗೆಗೀಡಾಗಿ, ನಾಚಿ ಶಾಲೆಯನ್ನೇ ಬಿಡುವುದನ್ನು ನಮ್ಮ ವೃತ್ತಿಯಲ್ಲಿ ಹಲವು ಸಲ ಕಂಡಿದ್ದೇವೆ. ಇಂಥ ಹುಡುಗನಿಗೆ ಶಿಸ್ತಿನ ಕಟ್ಟಳೆಯನ್ನು ಓದಿಹೇಳಿ ಏನು ಫಲ?

ಕಾನೂನಿನ ಬಲವೂ ಇದೆಯೆಂಬುದನ್ನು ತಾಯಿತಂದೆಗಳು ತಿಳಿದಿರಬೇಕು. 2009ರ ಶಿಕ್ಷಣ ಹಕ್ಕಿನ ಕಾಯಿದೆಯು 6ರಿಂದ 14 ವರ್ಷದ ಪ್ರತಿಯೊಂದು ಮಗುವಿಗೂ ಶಾಲೆಯನ್ನು ಹಕ್ಕನ್ನಾಗಿ ಮಾಡಿದೆ. ಅದರ 17ನೆಯ ಕಲಮು ದೇಹದಂಡನೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ; ಗೌತಮನು ಅರ್ಧ ಕಟ್ಟಿದ್ದ ಕೈಯನ್ನು ಇದು ಪೂರ್ಣವಾಗಿ ಕಟ್ಟಿತು. 5ನೆಯ ಕಲಮಿನಂತೆ ಮಗುವು ಬೇರೆ ಸರಕಾರಿ ಶಾಲೆಗೆ ವರ್ಗವಾಗಬಹುದು. ವರ್ಗಾವಣೆಯ ಪತ್ರ ತಡವಾಯಿತೆಂದು ಹೊಸ ಶಾಲೆಯವರು ಸೇರಿಸಿಕೊಳ್ಳದಿರಲಾಗದು. ದುಡಿಯಲು ಹೋದ ಊರಿನಲ್ಲಿಯೂ ಈ ಹಕ್ಕು ಮಗುವಿನ ಜೊತೆಗೇ ಬರುತ್ತದೆ.

ಆದಕಾರಣ ಗೃಹಸ್ಥರಾದ ವಾಚಕರಲ್ಲಿ ನಮ್ಮದೊಂದು ಬಿನ್ನಹ. ಮನೆಯ ಮಕ್ಕಳಿಗೆ ಉಣ್ಣುವ, ನುಡಿಯುವ, ಹಿರಿಯರ ಮುಂದೆ ನಡೆದುಕೊಳ್ಳುವ ರೀತಿಗಳನ್ನು ಅವಶ್ಯವಾಗಿ ಕಲಿಸಿರಿ; ಆದರೆ ಬೈಗುಳಿನಿಂದ ಸಭ್ಯತೆಯನ್ನು ಕಲಿಸಲು ಹೋಗಬೇಡಿರಿ. ಓಣಿಯ ಒಂದು ಮಗುವು ನಾಲ್ಕು ದಿನ ಶಾಲೆಯತ್ತ ಸುಳಿಯದಿದ್ದರೆ ಅದರ ಮನೆಗೆ ಹೋಗಿ ಕಾರಣವನ್ನು ಕೇಳಿರಿ. ಊರು ಬಿಡುವವರ ಮಗುವನ್ನು ಅಜ್ಜಿಯ ಬಳಿಯಲ್ಲಿಯೋ ನೆಂಟರ ಬಳಿಯಲ್ಲಿಯೋ ಉಳಿಸಿಕೊಳ್ಳಲು ಸಾಧ್ಯವೇ ಎಂದು ಕೂಡಿ ಯೋಚಿಸಿರಿ. ಸಾಲೋಟಗಿಯವರು ಮದುವೆಯ ಸಂಭ್ರಮದಲ್ಲಿಯೂ ಶಾಲೆಯನ್ನು ಮರೆಯಲಿಲ್ಲ. ಅವರಿಗಿಂತ ನಾವು ಬಡವರಾಗಿಲ್ಲ.