ಲೀಸಿನ ಅವಧಿ ಮುಗಿದ ಕಾರು ಮತ್ತು ಹೈಬ್ರಿಡ್‌ನ ಲೆಕ್ಕ

ವ್ಯಾಪಾರ ಸಂಸ್ಥೆಯ ಹೆಸರಿನಲ್ಲಿ ಮೂರು-ನಾಲ್ಕು ವರ್ಷಗಳ ಲೀಸಿಗೆ ಪಡೆದ ಸಣ್ಣ ಕಾರು, ಹಗಲು ಅಂಗಡಿಯ ಕೆಲಸಕ್ಕೂ ಸಂಜೆ ಮನೆಯವರ ಓಡಾಟಕ್ಕೂ ಒದಗುವುದು ನಮ್ಮಲ್ಲಿ ಹೊಸದೇನಲ್ಲ. ಆ ಲೀಸಿನ ಅವಧಿ ಮುಗಿಯುತ್ತ ಬಂದಾಗ ಮುಂದೇನು ಎಂಬ ಪ್ರಶ್ನೆ ಏಳುತ್ತದೆ. ಇತ್ತೀಚೆಗೆ ಈ ಪ್ರಶ್ನೆಯನ್ನು ಕೇಳುವವರಲ್ಲಿ ಹಲವರು ಉತ್ತರವನ್ನೂ ಜೊತೆಯಲ್ಲಿಯೇ ತಂದಿರುತ್ತಾರೆ: "ಹೈಬ್ರಿಡ್ ತೆಗೆದುಕೊಂಡರೆ ಪೆಟ್ರೋಲೂ ಉಳಿಯುತ್ತದೆ, ತೆರಿಗೆಯೂ ಉಳಿಯುತ್ತದೆಯಂತೆ." ಈ ಮಾತಿನ ಮೊದಲರ್ಧವು ಷರತ್ತಿನ ಮೇಲೆ ಸತ್ಯ. ಎರಡನೆಯ ಅರ್ಧವನ್ನು ಬಹುಪಾಲು ವ್ಯಾಪಾರಸ್ಥರು ಮರೆತುಬಿಡುವುದೇ ಲೇಸು.

ಮೊದಲಿಗೆ ಹೆಸರಿನ ಗೊಂದಲವನ್ನು ನಿವಾರಿಸಿಕೊಳ್ಳಬೇಕು. ಹೈಬ್ರಿಡ್ ಎಂಬ ಪಟ್ಟಿ ಹೊತ್ತ ಕಾರುಗಳಲ್ಲಿ ಎರಡು ಜಾತಿಗಳುಂಟು. ಮೈಲ್ಡ್ ಹೈಬ್ರಿಡ್‌ನಲ್ಲಿ ಸಣ್ಣದೊಂದು ವಿದ್ಯುತ್ ಯಂತ್ರವು ಎಂಜಿನ್ನಿಗೆ ಕೈಜೋಡಿಸುತ್ತದೆಯೇ ಹೊರತು ತಾನೇ ಚಕ್ರವನ್ನು ತಿರುಗಿಸುವುದಿಲ್ಲ. ಸ್ಟ್ರಾಂಗ್ ಹೈಬ್ರಿಡ್‌ನಲ್ಲಿ ಮಾತ್ರ ಮೋಟಾರು ಸ್ವತಂತ್ರವಾಗಿ ಕಾರನ್ನು ಎಳೆಯಬಲ್ಲದು. ಬ್ರೇಕ್ ಹಾಕಿದಾಗ ವ್ಯರ್ಥವಾಗುವ ಶಕ್ತಿಯು ಬ್ಯಾಟರಿಗೆ ಮರಳುತ್ತದೆ. ಚಾರ್ಜಿಂಗ್ ತಂತಿಯ ಗೊಡವೆಯಿಲ್ಲ. 2022ರಲ್ಲಿ ಮಾರುಕಟ್ಟೆಗೆ ಬಂದ ಟೊಯೊಟಾ ಹೈರೈಡರ್ ಮತ್ತು ಮಾರುತಿ ಗ್ರ್ಯಾಂಡ್ ವಿಟಾರಾ ಇವುಗಳ ಹೈಬ್ರಿಡ್ ಮಾದರಿಗಳು ಈ ಎರಡನೆಯ ಜಾತಿಯವು. ಎರಡೂ ನಮ್ಮದೇ ರಾಜ್ಯದ ಬಿಡದಿಯ ಕಾರ್ಖಾನೆಯಿಂದ ಹೊರಬಂದವು. ಅದೇ ವರ್ಷ ಹೋಂಡಾ ಸಿಟಿಯ ಹೈಬ್ರಿಡ್ ಕೂಡ ಬಂದಿತು. ಈ ಲೇಖನದಲ್ಲಿ ಹೈಬ್ರಿಡ್ ಎಂದರೆ ಸ್ಟ್ರಾಂಗ್ ಹೈಬ್ರಿಡ್ ಎಂದೇ ತಿಳಿಯತಕ್ಕದ್ದು.

ಈಗ ತೆರಿಗೆಯ ವಿಚಾರ. 2017ರ ಜುಲೈ 1ರಂದು ಜಿ.ಎಸ್.ಟಿ. ಜಾರಿಯಾದಾಗ ಹೈಬ್ರಿಡ್ ಕಾರುಗಳ ಮೇಲೆ ಶೇಕಡಾ 28 ತೆರಿಗೆ ಹಾಗೂ ಶೇಕಡಾ 15 ಸೆಸ್, ಒಟ್ಟು ಶೇಕಡಾ 43 ಬಿದ್ದಿತು. 2025ರ ಸೆಪ್ಟೆಂಬರ್ 22ರಿಂದ ದರಗಳು ಬದಲಾದವು. ಉದ್ದ 4 ಮೀಟರಿಗೆ ಮೀರದ, ಎಂಜಿನ್ 1200 ಸಿ.ಸಿ.ಗೆ ಮೀರದ ಪೆಟ್ರೋಲ್ ಕಾರುಗಳು ಶೇಕಡಾ 18ಕ್ಕೆ ಇಳಿದವು. ಈ ಮಿತಿಯನ್ನು ದಾಟಿದವುಗಳಿಗೆ, ಹೈಬ್ರಿಡ್ ಇರಲಿ ಬಿಡಲಿ, ಶೇಕಡಾ 40. ಹೈರೈಡರ್ ಮತ್ತು ಗ್ರ್ಯಾಂಡ್ ವಿಟಾರಾ ಹೈಬ್ರಿಡ್‌ಗಳ ಎಂಜಿನ್ 1490 ಸಿ.ಸಿ., ಉದ್ದವೂ 4 ಮೀಟರಿಗಿಂತ ಹೆಚ್ಚು. ಆದ್ದರಿಂದ ಅವು 40ರ ಸಾಲಿನಲ್ಲಿಯೇ ನಿಂತಿವೆ. ಪೂರ್ಣ ವಿದ್ಯುತ್ ಕಾರಿಗೆ ಶೇಕಡಾ 5 ಮಾತ್ರ. ಅಂದರೆ ಹೈಬ್ರಿಡ್ ಎಂಬ ಕಾರಣಕ್ಕೆ ಕೊಳ್ಳುವವನಿಗೆ ಜಿ.ಎಸ್.ಟಿ.ಯಲ್ಲಿ ಯಾವ ರಿಯಾಯಿತಿಯೂ ಇಲ್ಲ.

ಲೀಸಿನ ಬಾಡಿಗೆಗೂ ಇದೇ ದರ ಅನ್ವಯಿಸುತ್ತದೆ ಎಂಬುದನ್ನು ಹಲವರು ಗಮನಿಸಿರುವುದಿಲ್ಲ. ಚಾಲಕನಿಲ್ಲದೆ ವಾಹನವನ್ನು ಬಾಡಿಗೆಗೆ ಕೊಟ್ಟರೆ, ಆ ವಾಹನದ ಮಾರಾಟಕ್ಕೆ ಇರುವ ತೆರಿಗೆಯ ದರವೇ ಬಾಡಿಗೆಗೂ ಇರುತ್ತದೆ. ಸಣ್ಣ ಕಾರಿನ ಮೂಲ ಬಾಡಿಗೆ ತಿಂಗಳಿಗೆ 15,000 ರೂಪಾಯಿ ಎಂದಿಟ್ಟುಕೊಂಡರೆ ತೆರಿಗೆ 2,700. ಹೈಬ್ರಿಡ್‌ನ ಮೂಲ ಬಾಡಿಗೆ 30,000 ಎಂದಾದರೆ ತೆರಿಗೆ 12,000. ವರ್ಷಕ್ಕೆ 32,400 ಎಲ್ಲಿ, 1,44,000 ಎಲ್ಲಿ! ಈಗಲೂ ಹಳೆಯ ಲೀಸ್ ನಡೆಯುತ್ತಿರುವವರು ತಮ್ಮ ತಿಂಗಳ ಬಿಲ್ಲನ್ನು ಒಮ್ಮೆ ತೆಗೆದು, ಸಣ್ಣ ಕಾರಿನ ದರ ಶೇಕಡಾ 18ಕ್ಕೆ ಇಳಿದಿದೆಯೇ ಎಂದು ನೋಡಿಕೊಳ್ಳುವುದು ಒಳಿತು.

ಕಟ್ಟಿದ ಈ ತೆರಿಗೆಯನ್ನು ಮಾರಾಟದ ತೆರಿಗೆಯಲ್ಲಿ ವಜಾ ಮಾಡಿಕೊಳ್ಳಬಹುದಲ್ಲವೇ ಎಂದರೆ, ಇಲ್ಲ. ಚಾಲಕನೂ ಸೇರಿ 13 ಆಸನಗಳವರೆಗಿನ ವಾಹನಗಳಿಗೆ ಜಿ.ಎಸ್.ಟಿ. ಕಾಯ್ದೆಯ 17(5)ನೆಯ ಕಲಮು ಹೂಡುವಳಿ ತೆರಿಗೆಯ ಜಮೆಯನ್ನು ತಡೆದಿದೆ. ವಾಹನಗಳನ್ನೇ ಮಾರುವವರು, ಪ್ರಯಾಣಿಕರ ಸಾಗಣೆ ನಡೆಸುವವರು, ಚಾಲನಾ ತರಬೇತಿ ಕೊಡುವವರು ಮಾತ್ರ ಹೊರತು. ಒಣದ್ರಾಕ್ಷಿ, ಕಾಳುಕಡಿ, ಬಟ್ಟೆ, ಹಾರ್ಡ್‌ವೇರ್ ವ್ಯಾಪಾರಸ್ಥರು ಆ ಪಟ್ಟಿಯಲ್ಲಿಲ್ಲ. ಕಾರಿನ ವಿಮೆ ಹಾಗೂ ದುರಸ್ತಿಯ ತೆರಿಗೆಗೂ ಇದೇ ಗತಿ.

ಆದಾಯ ತೆರಿಗೆಯಲ್ಲಿ ಸವಕಳಿ ಉಂಟು. ಕಾರಿಗೆ ವರ್ಷಕ್ಕೆ ಶೇಕಡಾ 15. ವಿದ್ಯುತ್ ವಾಹನಗಳಿಗೆ ಇರುವ ಶೇಕಡಾ 40ರ ದರವನ್ನು ಹೈಬ್ರಿಡ್‌ಗೆ ಹಚ್ಚುವ ಸಾಹಸವನ್ನು ನಾನು ಯಾರಿಗೂ ಹೇಳುವುದಿಲ್ಲ. ಮನೆಯ ಬಳಕೆಯ ಪಾಲನ್ನು ಸವಕಳಿಯಿಂದ ಕಳೆಯಲೇಬೇಕು. ಅಂದಾಜು ಆದಾಯದ ಪದ್ಧತಿಯಲ್ಲಿ, ಅಂದರೆ ವಹಿವಾಟಿನ ಶೇಕಡಾ 8 ಅಥವಾ 6ನ್ನು ಲಾಭವೆಂದು ತೋರಿಸಿ ವಿವರ ಸಲ್ಲಿಸುವವರಿಗಂತೂ ಸವಕಳಿ, ಬಾಡಿಗೆ, ಪೆಟ್ರೋಲು ಯಾವುದೂ ಪ್ರತ್ಯೇಕವಾಗಿ ಸಿಗದು. ಎಲ್ಲವೂ ಆ ಅಂದಾಜಿನೊಳಗೇ ಮುಗಿದಿರುತ್ತದೆ. ಅಂಥವರಿಗೆ "ಕಾರು ಕೊಂಡರೆ ತೆರಿಗೆ ಉಳಿತಾಯ" ಎಂಬುದು ಶುದ್ಧ ಭ್ರಮೆ.

ತಿಕೋಟಾ ಭಾಗದಲ್ಲಿ ಇನ್ನೊಂದು ತೊಡಕೂ ಇದೆ. ಅಲ್ಲಿ ದ್ರಾಕ್ಷಿ ಬೆಳೆಯುವವರೇ ಶೆಡ್ಡಿನಲ್ಲಿ ಒಣಗಿಸಿ, ನೆರೆಯ ತೋಟದವರ ಮಣೂಕವನ್ನೂ ಖರೀದಿಸಿ ವ್ಯಾಪಾರ ಮಾಡುತ್ತಾರೆ. ತೋಟದ ಆದಾಯ ಕೃಷಿ ಆದಾಯ. ತೆರಿಗೆಯೇ ಇಲ್ಲದ ಆದಾಯದ ಎದುರಿಗೆ ಕಾರಿನ ಖರ್ಚನ್ನು ಹಾಕಿ ಲಾಭವೇನು? ಖರೀದಿ-ಮಾರಾಟದ ಪಾಲಿಗೆ ಸಂಬಂಧಿಸಿದ ಓಡಾಟವಷ್ಟೇ ಲೆಕ್ಕಕ್ಕೆ ಬರುತ್ತದೆ. ಆದ್ದರಿಂದ ಕಾರಿನಲ್ಲಿ ಒಂದು ಓಡಾಟದ ಪುಸ್ತಕವನ್ನಿಟ್ಟು, ದಿನಾಂಕ, ಊರು, ಕಿಲೋಮೀಟರ್ ಬರೆದಿಡಬೇಕು.

ತೆರಿಗೆಯನ್ನು ಬದಿಗಿಟ್ಟ ಮೇಲೆ ಉಳಿಯುವುದು ಇಂಧನ. ಗ್ರ್ಯಾಂಡ್ ವಿಟಾರಾ ಹೈಬ್ರಿಡ್‌ಗೆ ಪರೀಕ್ಷಾಲಯದಲ್ಲಿ ದೊರೆತ ಅಂಕಿ ಲೀಟರಿಗೆ 27.97 ಕಿ.ಮೀ. ನಮ್ಮ ರಸ್ತೆಗಳಲ್ಲಿ, ಎ.ಸಿ. ಹಾಕಿಕೊಂಡು ಓಡುವಾಗ 22 ಎಂದು ಹಿಡಿಯೋಣ. ಅದೇ ಅಳತೆಯ ಆಟೋಮ್ಯಾಟಿಕ್ ಪೆಟ್ರೋಲ್ ಕಾರಿಗೆ 15. ಪೆಟ್ರೋಲು ಲೀಟರಿಗೆ 103 ರೂಪಾಯಿ ಎಂದರೆ ಪ್ರತಿ ಕಿಲೋಮೀಟರಿಗೆ ಸುಮಾರು 2 ರೂಪಾಯಿ 18 ಪೈಸೆ ಉಳಿಯಿತು. ಎರಡರ ಬೆಲೆಯ ಅಂತರ 2.75 ಲಕ್ಷ ಎಂದಿರಲಿ. 10ರಿಂದ 20 ಲಕ್ಷದ ಕಾರುಗಳಿಗೆ ನಮ್ಮ ರಾಜ್ಯದ ಆಜೀವ ರಸ್ತೆ ತೆರಿಗೆ ಶೇಕಡಾ 17, ಆ ತೆರಿಗೆಯ ಮೇಲೆ ಸೆಸ್ ಶೇಕಡಾ 11. ಅದನ್ನು ಸೇರಿಸಿದರೆ ಅಂತರ 3.27 ಲಕ್ಷದ ಹತ್ತಿರ. 2024ರ ಜುಲೈಯಲ್ಲಿ ಉತ್ತರ ಪ್ರದೇಶವು ಹೈಬ್ರಿಡ್‌ಗಳ ನೋಂದಣಿ ತೆರಿಗೆ ಮನ್ನಾ ಮಾಡಿದ ಸುದ್ದಿಯನ್ನು ಓದಿದವರು ಆ ಬೆಲೆಯನ್ನು ಇಲ್ಲಿ ನಿರೀಕ್ಷಿಸಬಾರದು. ಈ 3.27 ಲಕ್ಷ ಮರಳಿ ಬರಲು ಕಾರು ಸುಮಾರು 1.5 ಲಕ್ಷ ಕಿ.ಮೀ. ಓಡಬೇಕಾಗುತ್ತದೆ.

ಹೈಬ್ರಿಡ್ ಬ್ಯಾಟರಿಗೆ ಈ ಎರಡೂ ಕಂಪನಿಗಳು ಕೊಟ್ಟಿರುವ ವಾರಂಟಿ 8 ವರ್ಷ ಅಥವಾ 1.6 ಲಕ್ಷ ಕಿ.ಮೀ., ಯಾವುದು ಮೊದಲೋ ಅದು. ಹಣ ಮರಳುವ ಹೊತ್ತಿಗೆ ವಾರಂಟಿಯೂ ಮುಗಿಯುವ ಅಂಚಿಗೆ ಬಂದಿರುತ್ತದೆ ಎಂಬುದೇ ಈ ವ್ಯವಹಾರದ ತಿರುಳು. ವರ್ಷಕ್ಕೆ 19,000 ಕಿ.ಮೀ.ಗಿಂತ ಕಡಿಮೆ ಓಡುವವನಿಗೆ ಎಂಟು ವರ್ಷ ಕಳೆದರೂ ಅಂತರ ಹುಟ್ಟುವುದಿಲ್ಲ.

ಇಷ್ಟಕ್ಕೂ ಯಾವ ರಸ್ತೆಯಲ್ಲಿ ಓಡುತ್ತದೆ ಎಂಬುದು ಮುಖ್ಯ. ಹೈಬ್ರಿಡ್‌ನ ಲಾಭವು ನಿಂತು-ನಡೆಯುವ ಓಡಾಟದಲ್ಲಿದೆ. ಗಾಂಧಿ ಚೌಕ, ಸ್ಟೇಶನ್ ರಸ್ತೆ, ಎ.ಪಿ.ಎಂ.ಸಿ. ಎಂದು ದಿನವಿಡೀ ನಗರದೊಳಗೆ ತಿರುಗುವವರಿಗೆ ಅದು ಚೆನ್ನಾಗಿ ಸಲ್ಲುತ್ತದೆ. ಆದರೆ ನಮ್ಮ ನಗರ ಚಿಕ್ಕದು, ದಿನಕ್ಕೆ 20 ಕಿ.ಮೀ. ದಾಟುವುದೇ ಕಷ್ಟ. ತಿಕೋಟಾ, ಬಬಲೇಶ್ವರಗಳ ಕಡೆ ಹೋಗಿಬರುವವರದು ಹೆಚ್ಚಾಗಿ ಒಂದೇ ವೇಗದ ಓಟ. ಅಥಣಿ-ಮಿರಜ ಮಾರ್ಗವಾಗಿ ಸಾಂಗ್ಲಿ, ತಾಸಗಾಂವಗಳಿಗೆ ಮಾಲು ನೋಡಲು ಹೋಗುವವರದೂ, ಸೊಲ್ಲಾಪುರದ ಹೆದ್ದಾರಿ ಹಿಡಿಯುವವರದೂ ಅಂಥದೇ. ಹೆದ್ದಾರಿಯಲ್ಲಿ ಪೆಟ್ರೋಲ್ ಕಾರಿಗೆ 17, ಹೈಬ್ರಿಡ್‌ಗೆ 20 ಎಂದು ಹಿಡಿದರೆ ಕಿಲೋಮೀಟರಿಗೆ 91 ಪೈಸೆಯಷ್ಟೇ ಉಳಿತಾಯ. ಆಗ ಅಂತರ ತೀರಲು 3.6 ಲಕ್ಷ ಕಿ.ಮೀ. ಬೇಕು.

ಸಾಮಾನಿನ ಮಾತೂ ಇದೆ. ಗ್ರ್ಯಾಂಡ್ ವಿಟಾರಾದಂಥ ಕಾರಿನಲ್ಲಿ ಹೈಬ್ರಿಡ್ ಬ್ಯಾಟರಿಯು ಡಿಕ್ಕಿಯ ಜಾಗವನ್ನು ಸುಮಾರು ನೂರು ಲೀಟರಿನಷ್ಟು ನುಂಗುತ್ತದೆ. ಮಾದರಿಯ ಪೆಟ್ಟಿಗೆಗಳನ್ನು ಹೊತ್ತೊಯ್ಯುವ ವ್ಯಾಪಾರಿಗೆ ಇದು ಚಿಕ್ಕ ವಿಷಯವಲ್ಲ. ಅವನ್ನು ಹಿಂದಿನ ಆಸನದ ಮೇಲೆ ಒಟ್ಟಿದರೆ ಬ್ಯಾಟರಿಯನ್ನು ತಂಪಾಗಿಡುವ ಗಾಳಿಯ ದ್ವಾರ ಮುಚ್ಚೀತು. ನಮ್ಮ ಏಪ್ರಿಲ್-ಮೇ ಬಿಸಿಲಿನಲ್ಲಿ, ನಮ್ಮ ಧೂಳಿನಲ್ಲಿ ಆ ದ್ವಾರ ಮತ್ತು ಅದರ ಜಾಲರಿ ಸ್ವಚ್ಛವಾಗಿರಬೇಕು.

ಹಾಗಾದರೆ ಮಾಡುವುದೇನು? ನಗರದ ಓಡಾಟವೇ ಬಹಳವಿದ್ದು ವರ್ಷಕ್ಕೆ 25,000 ಕಿ.ಮೀ. ಮೀರುವವರು, ಹೇಗೂ ದೊಡ್ಡ ಆಟೋಮ್ಯಾಟಿಕ್ ಕಾರನ್ನೇ ಕೊಳ್ಳುವವರು, ಹೈಬ್ರಿಡ್ ಕೊಳ್ಳಲಿ. ಲೀಸಿಗೆ ಪಡೆಯದೆ ಕೊಂಡೇ ಇಟ್ಟುಕೊಳ್ಳಲಿ. ಮಿಕ್ಕವರು ಲೀಸ್ ಮುಗಿದ ಅದೇ ಹ್ಯಾಚ್‌ಬ್ಯಾಕನ್ನು ಉಳಿಕೆ ಮೌಲ್ಯಕ್ಕೆ ತಮಗೇ ಕೊಡುವಂತೆ ಲೀಸ್ ಕಂಪನಿಯನ್ನು ಕೇಳಬೇಕೆಂಬುದು ನನ್ನ ಅಭಿಪ್ರಾಯ. ಅದರ ಗುಣದೋಷಗಳನ್ನು ಬಲ್ಲವರು ನೀವೇ. ಹಳೆಯ ಕಾರಿನ ಮಾರಾಟಕ್ಕೆ ಶೇಕಡಾ 18 ತೆರಿಗೆಯಿದ್ದರೂ, ಮಾರುವವನು ಸವಕಳಿ ಪಡೆದಿದ್ದರೆ, ಸವಕಳಿ ಕಳೆದ ಮೌಲ್ಯಕ್ಕಿಂತ ಹೆಚ್ಚಾಗಿ ಬಂದ ಹಣದ ಮೇಲೆ ಮಾತ್ರ ಅದು ಬೀಳುತ್ತದೆ. ಆದರೆ ನೋಂದಣಿ ಪತ್ರವನ್ನು ಮೊದಲು ನೋಡಿರಿ. ಲೀಸ್ ಕಂಪನಿಯು ಕಾರನ್ನು ಬೇರೆ ರಾಜ್ಯದಲ್ಲಿ ನೋಂದಾಯಿಸಿದ್ದರೆ, ಕೆ.ಎ. 28ಕ್ಕೆ ತರುವಾಗ ಇಲ್ಲಿಯ ರಸ್ತೆ ತೆರಿಗೆಯ ಪ್ರಶ್ನೆ ಬರುತ್ತದೆ. ಅದನ್ನು ಬೆಲೆಯ ಮಾತಿನಲ್ಲಿಯೇ ಇತ್ಯರ್ಥ ಮಾಡಿಕೊಳ್ಳಬೇಕು.

ಹೈಬ್ರಿಡ್ ಕೊಳ್ಳುವುದೇ ನಿಶ್ಚಯವಾದರೆ, ಅದರ ಬ್ಯಾಟರಿ-ಮೋಟಾರುಗಳ ಕೆಲಸ ಬಲ್ಲವರು ವಿಜಯಪುರದ ಸರ್ವಿಸ್ ಕೇಂದ್ರದಲ್ಲಿಯೇ ಇದ್ದಾರೆಯೋ, ಹುಬ್ಬಳ್ಳಿ ಅಥವಾ ಸೊಲ್ಲಾಪುರಕ್ಕೆ ಒಯ್ಯಬೇಕೋ ಎಂದು ಲಿಖಿತವಾಗಿ ಕೇಳಿರಿ. 10 ಲಕ್ಷ ಮೀರಿದ ಕಾರಿಗೆ ವಿತರಕನು ವಸೂಲು ಮಾಡುವ ಶೇಕಡಾ 1 ಟಿ.ಸಿ.ಎಸ್. ಅನ್ನು ನಿಮ್ಮ ವಿವರದಲ್ಲಿ ಮರಳಿ ಪಡೆಯಲು ಮರೆಯಬೇಡಿರಿ. "ಮಾರ್ಚ್ 31ರೊಳಗೆ ಕೊಂಡರೆ ಸವಕಳಿ" ಎಂಬ ಆಮಿಷಕ್ಕೆ ಅವಸರ ಬೇಡ: ಆ ವರ್ಷದಲ್ಲಿ 180 ದಿನಗಳಿಗಿಂತ ಕಡಿಮೆ ಬಳಸಿದ ಕಾರಿಗೆ ಶೇಕಡಾ 7.5 ಮಾತ್ರ. ಪೂರ್ತಿ ಸವಕಳಿ ಬೇಕಾದವರು ಅಕ್ಟೋಬರ್ ಮೊದಲ ವಾರಕ್ಕೆ ಮುನ್ನವೇ ಕಾರನ್ನು ರಸ್ತೆಗಿಳಿಸಬೇಕು. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಒಣದ್ರಾಕ್ಷಿ ವ್ಯಾಪಾರಸ್ಥರ ಹಣ ಮಾಲಿನಲ್ಲಿಯೂ ಕೋಲ್ಡ್ ಸ್ಟೋರೇಜಿನಲ್ಲಿಯೂ ಸಿಕ್ಕಿಕೊಂಡಿರುತ್ತದೆ. ಕಾರಿನ ಮುಂಗಡಕ್ಕೆಂದು ಆ ದಿನಗಳಲ್ಲಿ ಬ್ಯಾಂಕಿನ ಓವರ್‌ಡ್ರಾಫ್ಟಿಗೆ ಕೈಹಾಕಿದರೆ, ಪೆಟ್ರೋಲಿನಲ್ಲಿ ಉಳಿದದ್ದು ಬಡ್ಡಿಗೆ ಹೋಗುತ್ತದೆ.