ಚರೆಯ ನಂಬರು ಹೇಳುವುದೇನು? ನರಿ, ಹಂದಿಗೆ ಬಂದೂಕು ಎತ್ತುವ ಮುನ್ನ

ಹೊಸೂರು: ರಾಗಿ ತೆನೆ ಕಟ್ಟುವ ಹೊತ್ತಿಗೆ ತಳಿ, ಜವಳಗಿರಿ, ಅಂಚೆಟ್ಟಿ ಕಡೆಯ ಹೊಲಗಳಿಗೆ ಕಾಡುಹಂದಿ ನುಗ್ಗುವುದು ಹೊಸದಲ್ಲ. ಕೋಳಿ, ಕುರಿಮರಿಗೆ ನರಿಯ ಕಾಟ ಬೇರೆ. ಕಾವಲು ಕೂತವರ ಮಾತು ಆಗ ಬಂದೂಕಿನ ಕಡೆ ತಿರುಗುತ್ತದೆ. ಯಾವ ಚರೆ ಹಾಕಿದರೆ ಪ್ರಾಣಿ ಬೀಳುತ್ತದೆ? ನರಿಯ ನೆಂಟನಾದ ಕಯೋಟಿಯನ್ನು ಬೇಟೆಯಾಡುವ ಅಮೆರಿಕದವರೂ ಕೇಳುವುದು ಇದೇ ಪ್ರಶ್ನೆ.

ನಂಬರಿನ ಲೆಕ್ಕ

12 ಬೋರ್ ತೋಟಾದಲ್ಲಿ ಸಾಮಾನ್ಯವಾಗಿ ಇರುವುದು ಒಂದೇ ಗುಂಡಲ್ಲ, ಸೀಸದ ಹಲವು ಚರೆಗಳು. ನಮ್ಮಲ್ಲಿ ನಡೆಯುವುದು ಬ್ರಿಟಿಷರ ಕಾಲದ ಲೆಕ್ಕ. ನಂಬರು ಹೆಚ್ಚಾದಷ್ಟೂ ಚರೆ ಸಣ್ಣದು. 6ನೇ ನಂಬರಿನ ಚರೆ ಸುಮಾರು 2.6 ಮಿ.ಮೀ. ದಪ್ಪ, 28 ಗ್ರಾಂ ತೂಕಕ್ಕೆ 270ರಷ್ಟು ಬರುತ್ತವೆ. ಬಿಬಿ 4 ಮಿ.ಮೀ., ಬರುವುದು 70. ಎಸ್‌ಜಿ 8.4 ಮಿ.ಮೀ., ಬರುವುದು 8. ಎಲ್‌ಜಿ 9 ಮಿ.ಮೀ., ಬರುವುದು 6 ಮಾತ್ರ.

ಸಣ್ಣ ಚರೆ ಹೆಚ್ಚು ಕಡೆ ತಾಗುತ್ತದೆ, ಆದರೆ ಬೇಗ ವೇಗ ಕಳೆದುಕೊಂಡು ತೊಗಲಲ್ಲೇ ನಿಲ್ಲುತ್ತದೆ. ದಪ್ಪ ಚರೆ ಆಳಕ್ಕೆ ಇಳಿಯುತ್ತದೆ, ಆದರೆ ಸಂಖ್ಯೆ ಕಡಿಮೆ. ದೂರ ಹೆಚ್ಚಿದಂತೆ ಪ್ರಾಣಿಯ ಅಕ್ಕಪಕ್ಕ ಹಾದುಹೋಗುತ್ತದೆ. ಅದಕ್ಕೇ ಕಯೋಟಿ ಬೇಟೆಗಾರರು ಬಿಬಿಗಿಂತ ದಪ್ಪದ ಚರೆ ಆರಿಸಿ, ಸುಮಾರು 40 ಮೀಟರಿನೊಳಗೆ ಮಾತ್ರ ಹೊಡೆಯುತ್ತಾರೆ.

ತಪ್ಪಿದ ಚರೆ ಅಲ್ಲೇ ಬೀಳುವುದಿಲ್ಲ. 6ನೇ ನಂಬರು ಸುಮಾರು 200 ಮೀಟರ್, ಎಸ್‌ಜಿ 600 ಮೀಟರಿಗೂ ಹೆಚ್ಚು ದೂರ ಹೋಗಬಲ್ಲದು. ಕತ್ತಲಲ್ಲಿ ಪಕ್ಕದ ಹೊಲದ ಅಟ್ಟಣೆಯಲ್ಲಿ ಯಾರು ಮಲಗಿದ್ದಾರೋ ಯಾರಿಗೆ ಗೊತ್ತು?

ನಾಡ ಬಂದೂಕಿನಲ್ಲಿ ಈ ಲೆಕ್ಕವೂ ಇಲ್ಲ. ಮದ್ದು, ಚರೆ ಎರಡೂ ಕೈಯಂದಾಜು. ಮದ್ದು ಹೆಚ್ಚಾದರೆ ನಳಿಗೆಯೇ ಸಿಡಿದೀತು. ಗಾಯಗೊಂಡ ಹಂದಿ ಮನುಷ್ಯನ ಮೇಲೆ ತಿರುಗುತ್ತದೆ. ಹಂದಿಗೆಂದು ಹಾರಿಸಿದ ಚರೆ ಆನೆಗೆ ತಾಗಿದರೆ ಗಾಯ ಕೀವಾಗಿ ಅದು ತಿಂಗಳುಗಟ್ಟಲೆ ನರಳುತ್ತದೆ.

ಕಾನೂನು ಏನು ಹೇಳುತ್ತದೆ?

ವನ್ಯಜೀವಿ ಸಂರಕ್ಷಣಾ ಕಾಯ್ದೆಯ 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರಂತೆ ನರಿ 1ನೇ ಪಟ್ಟಿಯಲ್ಲಿದೆ. ಕೊಂದರೆ 3ರಿಂದ 7 ವರ್ಷ ಜೈಲು, ಕನಿಷ್ಠ 25,000 ರೂಪಾಯಿ ದಂಡ. ಕಾಡುಹಂದಿ 2ನೇ ಪಟ್ಟಿಯಲ್ಲಿದೆ. ಅದನ್ನೂ ಅನುಮತಿಯಿಲ್ಲದೆ ಕೊಲ್ಲುವಂತಿಲ್ಲ. ಬೆಳೆ ರಕ್ಷಣೆಗೆಂದು ಪಡೆದ ಲೈಸೆನ್ಸು ಬಂದೂಕು ಇಟ್ಟುಕೊಳ್ಳುವುದಕ್ಕೆ, ಬೇಟೆಗಲ್ಲ. ನಾಡ ಬಂದೂಕಿಗೂ ಲೈಸೆನ್ಸು ಬೇಕೇ ಬೇಕು.

ಹಂದಿ ಹಾವಳಿಗೆ ತಮಿಳುನಾಡು ಸರ್ಕಾರ 2025ರ ಜನವರಿಯಲ್ಲಿ ಕ್ರಮ ಪ್ರಕಟಿಸಿತು. ಮೀಸಲು ಅರಣ್ಯದಿಂದ 1 ಕಿ.ಮೀ. ಒಳಗೆ ಹಂದಿಯನ್ನು ಹಿಡಿಯುವಂತಿಲ್ಲ, ಸುಡುವಂತಿಲ್ಲ. 1ರಿಂದ 3 ಕಿ.ಮೀ. ನಡುವೆ ಹಿಡಿದು ಕಾಡಿಗೆ ಬಿಡಬೇಕು. 3 ಕಿ.ಮೀ. ಆಚೆ ಸುಡಬಹುದು, ಆದರೆ ಸುಡುವವರು ತರಬೇತಿ ಪಡೆದ ಅರಣ್ಯ ಸಿಬ್ಬಂದಿ, ರೈತರಲ್ಲ. ಆನೇಕಲ್ ಕಡೆ ಹೊಲವಿರುವವರಿಗೆ ಈ ಆದೇಶ ಅನ್ವಯಿಸದು; ಅವರು ಕರ್ನಾಟಕ ಅರಣ್ಯ ಇಲಾಖೆಯನ್ನೇ ಕೇಳಬೇಕು.

ಬೆಳೆ ಹಾಳಾದರೆ ತುಳಿದ ಜಾಗ, ಹೆಜ್ಜೆಗುರುತಿನ ಫೋಟೊ ತೆಗೆದಿಟ್ಟು, ಚಿಟ್ಟಾ, ಅಡಂಗಲ್ ಪ್ರತಿಯೊಂದಿಗೆ ತಡಮಾಡದೆ ರೇಂಜರ್ ಕಚೇರಿಗೆ ಪರಿಹಾರದ ಅರ್ಜಿ ಕೊಡುವುದು ಲೇಸು. ಹೋದ ರಾಗಿ ಮುಂದಿನ ಮಳೆಗೆ ಮತ್ತೆ ಬಂದೀತು. ಹೊಡೆದ ಚರೆ ಮಾತ್ರ ನಳಿಗೆಗೆ ಹಿಂದಿರುಗಲಾರದು.