ಅಚ್ಚಾಗದ ಕಥೆಗೂ ಅರ್ಜಿಯಲ್ಲಿ ಜಾಗವುಂಟು

ನಾನು ಇಂದು ಮಾತನಾಡಲಿರುವುದು ಒಂದು ಅರ್ಜಿಯ ವಿಷಯ. ಅರ್ಜಿಗೂ ಸಾಹಿತ್ಯಕ್ಕೂ ಏನು ನಂಟು ಎಂದು ಕೇಳುಗರು ಹುಬ್ಬೇರಿಸಬಹುದು. ಆ ನಂಟು ನನಗೂ ಈಚೆಗಷ್ಟೇ ತಿಳಿಯಿತು.

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಮಗಳೊಡನೆ ಮೈಸೂರಿನ ನಮ್ಮ ಮನೆಗೆ ಬಂದರು. ಹುಡುಗಿ ದ್ವಿತೀಯ ಪಿ.ಯು.ಸಿ. ಓದುತ್ತಿದ್ದಾಳೆ, ಅಮೆರಿಕದ ಕಾಲೇಜುಗಳಿಗೆ ಅರ್ಜಿ ಹಾಕಬೇಕೆಂಬುದು ಅವಳ ಆಸೆ. ಮೂರು ವರ್ಷಗಳಿಂದ ಕನ್ನಡದಲ್ಲಿ ಕಥೆ ಬರೆಯುತ್ತಿದ್ದಾಳೆ. ಹದಿನಾಲ್ಕು ಕಥೆಗಳಾಗಿವೆಯಂತೆ, ಒಂದೂ ಅಚ್ಚಾಗಿಲ್ಲ. "ಸಾರ್, ಸ್ವಂತ ಖರ್ಚಿನಲ್ಲಿ ಒಂದು ಪುಸ್ತಕ ಮಾಡಿಸಿಬಿಡಲೇ? ಇಲ್ಲದಿದ್ದರೆ ಅರ್ಜಿಯಲ್ಲಿ ಏನೆಂದು ತೋರಿಸುವುದು?" ಎಂದು ತಂದೆ ಕೇಳಿದರು. ಮಗಳು ತಲೆ ತಗ್ಗಿಸಿ ಕುಳಿತಿದ್ದಳು.

ನಮ್ಮಲ್ಲಿ ಈ ಪ್ರಶ್ನೆ ಏಳುವುದೇ ಅಪರೂಪ. 1994ರಲ್ಲಿ ಸಿ.ಇ.ಟಿ. ಆರಂಭವಾದ ಮೇಲಂತೂ ವೃತ್ತಿ ಶಿಕ್ಷಣದ ಬಾಗಿಲಿಗೆ ರ್‍ಯಾಂಕೇ ಬೀಗದ ಕೈ. ಅಮೆರಿಕದ ಅನೇಕ ಕಾಲೇಜುಗಳ ಕ್ರಮ ಬೇರೆ. ಅಂಕಗಳ ಜೊತೆಗೆ, ವಿದ್ಯಾರ್ಥಿ ತರಗತಿಯ ಹೊರಗೆ ಏನು ಮಾಡಿದನೆಂದೂ ಅವು ಕೇಳುತ್ತವೆ. 1975ರಲ್ಲಿ 15 ಕಾಲೇಜುಗಳು ಕೂಡಿ ಆರಂಭಿಸಿದ 'ಕಾಮನ್ ಅಪ್ಲಿಕೇಶನ್' ಎಂಬ ಏಕರೂಪದ ಅರ್ಜಿಯನ್ನು ಇಂದು ಸಾವಿರಕ್ಕೂ ಹೆಚ್ಚು ಕಾಲೇಜುಗಳು ಒಪ್ಪುತ್ತವೆ. ಅದರಲ್ಲಿ ಚಟುವಟಿಕೆಗಳಿಗೆಂದು 10 ಸ್ಥಾನಗಳಿವೆ. ಮನೆಯ ಜವಾಬ್ದಾರಿಯನ್ನೂ ಸಂಬಳದ ದುಡಿಮೆಯನ್ನೂ ಅಲ್ಲಿ ನಮೂದಿಸಬಹುದು. ಹಾಗಿರುವಾಗ ಒಬ್ಬಳೇ ಕುಳಿತು ಬರೆದ ಕಥೆಗೆ ಜಾಗವಿರದೆ ಹೋದೀತೆ? ಅದು ಅಚ್ಚಾಗಿರಲೇಬೇಕೆಂಬ ನಿಯಮವೇನೂ ಇಲ್ಲ.

ಆದರೆ ಆ ಜಾಗ ಬಲು ಇಕ್ಕಟ್ಟು. ಪ್ರತಿಯೊಂದು ಚಟುವಟಿಕೆಯ ವಿವರಣೆಗೆ 150 ಅಕ್ಷರಗಳು ಮಾತ್ರ. ಪದಗಳ ನಡುವಿನ ತೆರವೂ ಲೆಕ್ಕಕ್ಕೆ ಸೇರುತ್ತದೆ. ವಿಶೇಷಣಗಳಿಗೆ ಅಲ್ಲಿ ಎಡೆಯಿಲ್ಲ. "ಸಾಹಿತ್ಯದಲ್ಲಿ ಅಪಾರ ಆಸಕ್ತಿ" ಎಂದರೆ ಓದುವವರಿಗೆ ಏನೂ ತಿಳಿಯದು. "ಮೂರು ವರ್ಷಗಳಲ್ಲಿ ಕನ್ನಡದಲ್ಲಿ 14 ಕಥೆ, ಅಜ್ಜಿಯ ಊರಿನ ಕೆರೆ ಕಥಾವಸ್ತು, ಬೀದಿಯ ಮಕ್ಕಳಿಗೆ ಓದಿ ಹೇಳಿ ತಿದ್ದಿದ್ದು" ಎಂದರೆ ಒಬ್ಬಳು ಹುಡುಗಿ ಕಣ್ಣ ಮುಂದೆ ನಿಲ್ಲುತ್ತಾಳೆ. ವಾರಕ್ಕೆ ಎಷ್ಟು ಗಂಟೆ, ವರ್ಷಕ್ಕೆ ಎಷ್ಟು ವಾರ ಎಂದೂ ಅಲ್ಲಿ ತಿಳಿಸಬೇಕು. ಬರಹಕ್ಕೆ ಗಂಟೆಯ ಲೆಕ್ಕವೆಲ್ಲಿಯದು ಎನ್ನಬೇಡಿ. ಪ್ರಾಮಾಣಿಕವಾದ ಅಂದಾಜು ಸಾಕು. ವಾರಕ್ಕೆ ನಾಲ್ಕು ಗಂಟೆಯಾದರೆ ನಾಲ್ಕೇ.

ಇನ್ನು ಕಥೆಗಳನ್ನೇ ಕಳುಹಿಸುವ ಮಾತು. ಕೆಲವು ಕಾಲೇಜುಗಳು ಸೃಜನಶೀಲ ಬರಹದ ಮಾದರಿಯನ್ನು ಪ್ರತ್ಯೇಕವಾಗಿ ಸ್ವೀಕರಿಸುತ್ತವೆ, ಕೆಲವು ಬೇಡವೆನ್ನುತ್ತವೆ. ಪ್ರತಿಯೊಂದು ಕಾಲೇಜಿನ ನಿಯಮವನ್ನೂ ಓದಿಯೇ ಮುಂದುವರಿಯಬೇಕು. ಬೇಡವೆಂದವರಿಗೆ ಕಳುಹಿಸುವುದು ಕರೆಯದ ಮದುವೆಗೆ ಹೋದಂತೆ. ಕಳುಹಿಸುವುದಾದರೆ ಹತ್ತು ಕಥೆಗಳ ಕಂತೆ ಬೇಡ, ಚೆನ್ನಾಗಿ ತಿದ್ದಿದ ಒಂದು ಸಾಕು. ಕನ್ನಡದ ಕಥೆಯನ್ನು ಇಂಗ್ಲಿಷಿಗೆ ತಾನೇ ತರಬೇಕು, ಮೂಲ ಕನ್ನಡವೆಂದೂ ಅನುವಾದ ತನ್ನದೆಂದೂ ಒಂದು ಸಾಲಿನಲ್ಲಿ ತಿಳಿಸಬೇಕು. ಎರಡು ಭಾಷೆಗಳ ನಡುವೆ ನಡೆದಾಡಿದ ಆ ಶ್ರಮ ಅವಳ ಯೋಗ್ಯತೆಯ ಒಂದು ಭಾಗವೇ ಅಲ್ಲವೆ?

ಅರ್ಜಿಯ ಮುಖ್ಯ ಪ್ರಬಂಧಕ್ಕೆ 250ರಿಂದ 650 ಪದಗಳ ಮಿತಿ. ಅಲ್ಲಿ ಕಥೆಯ ಸಾರಾಂಶ ಹೇಳುವುದು ವ್ಯರ್ಥ. ಯಾವ ಪಾತ್ರ ತನ್ನ ಮಾತು ಕೇಳಲಿಲ್ಲ, ಯಾವ ಪುಟವನ್ನು ಏಕೆ ಹರಿದೆ, ಹರಿದ ಮೇಲೆ ಏನು ಕಂಡಿತು ಎಂಬುದನ್ನು ಹೇಳಿದರೆ ಬರೆಯುವವಳ ಮನಸ್ಸು ತಾನಾಗಿ ತೆರೆದುಕೊಳ್ಳುತ್ತದೆ.

ಅವಸರದಲ್ಲಿ ಅಚ್ಚು ಹಾಕಿಸಿದ ಪುಸ್ತಕ ಈ ಕೆಲಸ ಮಾಡಲಾರದು. ಹಣ ಕೊಟ್ಟರೆ ಯಾರ ಹೆಸರಾದರೂ ರಕ್ಷಾಪುಟದ ಮೇಲೆ ಬರುತ್ತದೆ. ಅದಕ್ಕಿಂತ ಹೆಚ್ಚಾಗಿ, ಇನ್ನೂ ಮಾಗದ ಕಥೆಯನ್ನು ಕಿತ್ತು ಹಣ್ಣೆಂದು ಮಾರಿದರೆ ನಷ್ಟವಾಗುವುದು ಆ ಮಗುವಿನ ಬರವಣಿಗೆಗೆ.

ಇಷ್ಟೆಲ್ಲ ಹೇಳುವ ನಾನು ನನ್ನದೊಂದು ತಪ್ಪನ್ನೂ ಹೇಳಬೇಕು. ಸುಮಾರು ಮೂವತ್ತು ವರ್ಷಗಳ ಹಿಂದೆ ಕನ್ನಡ ಎಂ.ಎ. ಪ್ರವೇಶದ ಸಂದರ್ಶನದಲ್ಲಿ ನಾನೂ ಒಬ್ಬನಾಗಿ ಕುಳಿತಿದ್ದೆ. ಹಳ್ಳಿಯಿಂದ ಬಂದ ಹುಡುಗನೊಬ್ಬ ಚೀಲದಿಂದ ಬೈಂಡು ಮಾಡಿಸಿದ ನೋಟುಪುಸ್ತಕವೊಂದನ್ನು ತೆಗೆದು, "ನಾನು ಬರೆದ ಕಥೆಗಳು, ಸಾರ್" ಎಂದು ಮೇಜಿನ ಮೇಲಿಟ್ಟ. ನಾನು ಅದನ್ನು ತೆರೆಯಲಿಲ್ಲ. "ಎಲ್ಲಿ ಪ್ರಕಟವಾಗಿವೆ?" ಎಂದಷ್ಟೇ ಕೇಳಿದೆ. ಅವನು ನಿಧಾನವಾಗಿ ಪುಸ್ತಕವನ್ನು ಹಿಂದಕ್ಕೆಳೆದುಕೊಂಡ. ಅವನಿಗೆ ಸೀಟು ಸಿಕ್ಕಿತು. ಆದರೆ ಅನಂತರದ ಎರಡು ವರ್ಷಗಳಲ್ಲಿ ಆ ನೋಟುಪುಸ್ತಕವನ್ನು ನಾನು ಮತ್ತೆ ನೋಡಲಿಲ್ಲ. ಕೇಳುವ ಧೈರ್ಯ ನನಗೂ ಬರಲಿಲ್ಲ.

ಆದ್ದರಿಂದ ಈ ಹುಡುಗಿಗೆ ಮೊದಲು ಹೇಳಿದೆ: "ಕಥೆಗಳನ್ನು ತಾ ಮಗು, ಓದೋಣ." ಮರುದಿನ ತಂದಳು. ಓದಿದೆ. ಅರ್ಜಿಯ ಮಾತು ಆಮೇಲೆ ಬಂತು.

ಹೊರಡುವಾಗ ಬಾಗಿಲಲ್ಲಿ ನಿಂತು ಕೇಳಿದಳು: "ತಾತ, ಹದಿನಾಲ್ಕು ಎಂದು ಬರೆಯಬಹುದೇ? ಅವುಗಳಲ್ಲಿ ಮೂರು ಇನ್ನೂ ಮುಗಿದಿಲ್ಲ."

"ಹನ್ನೊಂದು ಎಂದು ಬರೆ" ಎಂದೆ. "ಉಳಿದ ಮೂರನ್ನು ಮನೆಗೆ ಹೋಗಿ ಮುಗಿಸು. ಅದಕ್ಕೆ ಯಾವ ಕಾಲೇಜಿನ ಅನುಮತಿಯೂ ಬೇಡ."